ದೀಪದ ಗೂಡಿನ ಆಳ

ಉಳಿ ಕಬ್ಬಿಣಕ್ಕೆ ತಾಗಿದ ಆ ಸದ್ದಿನ ವಿಷಯವನ್ನು ಚನ್ನಬಸಮ್ಮ ಯಾರಿಗೂ ಹೇಳಿರಲಿಲ್ಲ. ಪೊಲೀಸರಿಗೂ ಇಲ್ಲ, ಪೇಪರಿನವರಿಗೂ ಇಲ್ಲ, ಹೆತ್ತ ಮಗಳು ಹೇಮಲತಾಗೂ ಇಲ್ಲ. ಆದರೆ ಕಣ್ಣು ಮುಚ್ಚಿದರೆ ಸಾಕು, ಠಣ್ ಎಂದು ಕಿವಿಯೊಳಗೇ ಯಾರೋ ಬಡಿದಂತಾಗುತ್ತಿತ್ತು.

ಆ ಸದ್ದು ಹುಟ್ಟಿದ್ದು ಎರಡು ವರ್ಷದ ಹಿಂದೆ. ಸಿಂಗಸಂದ್ರದಲ್ಲಿ ಹೊಸದಾಗಿ ಎದ್ದಿದ್ದ ಮೂರು ಅಂತಸ್ತಿನ ಅಪಾರ್ಟ್‌ಮೆಂಟಿನ ನೆಲಮಹಡಿಗೆ ತಾಯಿ ಮಗಳು ಹಾಲು ಉಕ್ಕಿಸಿ ಒಳಗೆ ಬಂದಿದ್ದರು. ಗಂಡ ತೀರಿಕೊಂಡ ಮೇಲೆ ಕೊಟ್ಟೂರಿನ ಮನೆ ಮಾರಿ ಬಂದ ಹಣ, ಟೆಲಿಫೋನ್ ಇಲಾಖೆಯಲ್ಲಿ ಆಪರೇಟರಾಗಿದ್ದ ಹೇಮಲತಾಳ ಸಾಲ, ಎರಡೂ ಸೇರಿ ಆದ ಮನೆ. ಎಲ್ಲವೂ ಚೆನ್ನಾಗಿತ್ತು, ದೀಪ ಇಡಲು ಜಾಗ ಮಾತ್ರ ಇರಲಿಲ್ಲ. ಅವರ ಕಡೆ ದೇವರ ದೀಪ ಗೋಡೆಯೊಳಗಿನ ಗೂಡಿನಲ್ಲಿ ಉರಿಯಬೇಕು. ಮೊಳೆ ಹೊಡೆದು ತೂಗುಹಾಕಿದ ಹಲಗೆಯ ಮೇಲೆ ದೀಪ ಇಟ್ಟರೆ ಅದು ಬಾಡಿಗೆಗೆ ಬಂದ ದೀಪದಂತೆ ಕಾಣುತ್ತದೆ ಎಂದು ಅತ್ತೆ ಹೇಳುತ್ತಿದ್ದದ್ದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಎದುರಿನ ಸೈಟಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಭರಮಪ್ಪ ಅವಳ ಸೀಮೆಯವನೇ. ಅವನನ್ನೇ ಕರೆದು ತೋರಿಸಿದಳು. ಅವನು ಹಾಲಿನ ಗೋಡೆಗೆ ಉಳಿ ಇಟ್ಟು ಎರಡು ಏಟು ಹಾಕಿದ್ದನೋ ಇಲ್ಲವೋ, ಠಣ್.

"ಇಲ್ಲಿ ಒಳಗ ಕಬ್ಬಿಣ ಐತ್ರಿ ಯವ್ವಾ. ಬ್ಯಾಡ, ಈ ಕಡಿ ಸರಿಸ್ತೀನಿ" ಎಂದು ಒಂದು ಗೇಣು ಪಕ್ಕಕ್ಕೆ ಸರಿದು ಗೂಡು ಕೊರೆದುಕೊಟ್ಟ. ಮೊದಲು ಏಟು ಬಿದ್ದಲ್ಲಿ ಒಂದಿಷ್ಟು ಸಿಮೆಂಟು ಮೆತ್ತಿ ಸುಣ್ಣ ಬಳಿದ. ಚನ್ನಬಸಮ್ಮ ಗೂಡಿನಲ್ಲಿ ಹಿತ್ತಾಳೆ ದೀಪ ಇಟ್ಟು, ಅವನಿಗೆ ಎರಡು ರೊಟ್ಟಿ ಎಣಗಾಯಿ ಪಲ್ಯ ಕೊಟ್ಟು ಕಳಿಸಿದಳು.

ತೊಂಬತ್ತೇಳರ ಅಕ್ಟೋಬರಿನಲ್ಲಿ ಹದಿನೈದು ದಿನ ಬಿಡದೆ ಮಳೆ ಹೊಡೆಯಿತು. ಮಳೆ ನಿಂತ ಮೂರನೆಯ ಬೆಳಿಗ್ಗೆ ಚನ್ನಬಸಮ್ಮ ಬೀದಿಯಲ್ಲಿ ನಿಂತು ಮೆಂತ್ಯ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದಳು. ಮೇಲಿನ ಮನೆಯ ಸುಬ್ಬಲಕ್ಷ್ಮಿ ಕಿಟಕಿಯಿಂದ ಬಗ್ಗಿ, "ಚನ್ನಬಸಮ್ಮಾವ್ರೇ, ನನಗೂ ಎರಡು ಕಟ್ಟು ತಗೊಂಡಿರಿ. ಒಗ್ಗರಣೆ ಇಟ್ಬಿಟ್ಟಿದೀನಿ, ಕೆಳಗೆ ಬರಕ್ಕಾಗಲ್ಲ" ಎಂದು ಕೂಗಿ ಹಿಂದಿನ ಅಡುಗೆಮನೆಗೆ ಹೋದರು. ಎಣಿಸಿ ಹತ್ತು ಉಸಿರಾಗಿತ್ತೋ ಏನೋ. ಕಟ್ಟಡದ ಹಿಂದಿನ ಅರ್ಧ, ಮೂರೂ ಅಂತಸ್ತಿನ ಅಡುಗೆಮನೆಗಳ ಸಮೇತ, ಕುಳಿತ ಜಾಗದಲ್ಲೇ ನೆಲದೊಳಕ್ಕೆ ಇಳಿದುಹೋಯಿತು. ಸುಬ್ಬಲಕ್ಷ್ಮಿ ಹೋದರು, ಮೇಲಿನ ಅಂತಸ್ತಿನ ಇನ್ನಿಬ್ಬರು ಹೋದರು. ನಾಲ್ಕು ಕಟ್ಟು ಮೆಂತ್ಯ ಚನ್ನಬಸಮ್ಮನ ಮಡಿಲಲ್ಲೇ ಉಳಿಯಿತು.

ನಾಲ್ಕನೆಯ ದಿನ ಒಂದು ಸಂಜೆ ಪತ್ರಿಕೆ ದಪ್ಪ ಅಕ್ಷರದಲ್ಲಿ ಬರೆಯಿತು: 'ನಿಧಿಯಾಸೆಗೆ ಕಂಬ ಅಗೆದ ಮುದುಕಿ: ಮೂವರ ಬಲಿ.' ಅವಳು ಅಮಾವಾಸ್ಯೆಯ ದಿನ ಮಂತ್ರವಾದಿಯನ್ನು ಕರೆಸಿದ್ದಳಂತೆ. ದೇವರ ಗೂಡಿನ ನೆಪದಲ್ಲಿ ಕಂಬವನ್ನೇ ಎರಡು ಅಡಿ ಆಳ ಕೊರೆಸಿದ್ದಳಂತೆ. ಕಟ್ಟಡ ಬೀಳುವುದು ಗೊತ್ತಿದ್ದೇ ಸೊಪ್ಪಿನ ನೆಪ ಮಾಡಿ ಹೊರಗೆ ಬಂದಿದ್ದಳಂತೆ. ಅದೇ ಪುಟದ ಕೆಳಗೆ ಕಾಲು ಪುಟದ ಜಾಹೀರಾತು ಇತ್ತು: ಅದೇ ಬಿಲ್ಡರ್, ಹೊಸ ಬಡಾವಣೆ, ನಗುತ್ತಿರುವ ಒಂದು ಸಂಸಾರ. ಪತ್ರಿಕೆಗೆ ಗೂಡಿನ ಸುದ್ದಿ ಯಾರು ಕೊಟ್ಟರೆಂದು ಹೇಮಲತಾ ಆ ಜಾಹೀರಾತಿನ ಮೇಲೆ ಬೆರಳಿಟ್ಟು ತೋರಿಸಿದಳು. ಚನ್ನಬಸಮ್ಮ ನೋಡಲಿಲ್ಲ. ಅವಳ ಕಣ್ಣು 'ಕಂಬ' ಎಂಬ ಎರಡಕ್ಷರದ ಮೇಲೇ ನಿಂತಿತ್ತು. ಉಳಿ ತಾಗಿದ ಆ ಕಬ್ಬಿಣ ಕಂಬದ್ದೇ ಇದ್ದಿರಬೇಕಲ್ಲವೇ?

ಎರಡು ಬೀದಿಯಾಚೆ ಬಾಡಿಗೆ ಕೋಣೆ ಹಿಡಿದರು. ಹಾಲಿನವನು ಪ್ಯಾಕೆಟ್ಟನ್ನು ಬಾಗಿಲಿಂದ ಮಾರು ದೂರದಲ್ಲೇ ಇಟ್ಟು ಹೋಗತೊಡಗಿದ. ನಲ್ಲಿಯ ಹತ್ತಿರ ಹೆಂಗಸರು ಕೊಡ ಸರಿಸಿಕೊಂಡರು. "ನಿಧಿ ಸಿಕ್ತಾ ಅಜ್ಜೀ?" ಎಂದು ಯಾರೋ ಹಿಂದಿನಿಂದ ಕೂಗಿದರೆ ತಿರುಗಿ ನೋಡಲೂ ಧೈರ್ಯವಾಗದು. ಸಂಕ್ರಾಂತಿ ಬಂತು, ಹೋಯಿತು. ಒಬ್ಬರೂ ಎಳ್ಳು ಬೀರಲು ಬರಲಿಲ್ಲ.

ಇತ್ತ ಉಳಿದ ಸಂಸಾರಗಳೆಲ್ಲ ಸೇರಿ ಕೋರ್ಟಿಗೆ ಹೋದವು. ಮನೆ ಕೊಂಡಾಗಿನ ಕರಾರು ಪತ್ರವನ್ನು ಜಡ್ಜು ತರಿಸಿ, ಮೂವತ್ತೊಂದನೆಯ ಕಲಮಿನ ಮೇಲೆ ಪೆನ್ನಿಟ್ಟರು. ಏನೇ ತಕರಾರು ಬಂದರೂ ಬಿಲ್ಡರ್ ನೇಮಿಸಿದ ಮಧ್ಯಸ್ಥರ ಮುಂದೆಯೇ ಹೋಗತಕ್ಕದ್ದು, ಅವರು ಹೇಳಿದ್ದೇ ಕೊನೆ. "ನೀವೇ ಒಪ್ಪಿ ಸಹಿ ಹಾಕಿದೀರಲ್ಲ" ಎಂದು ಜಡ್ಜು ಕಡತ ಮುಚ್ಚಿದರು. ಇಂಗ್ಲಿಷಿನ ನಲವತ್ತು ಹಾಳೆ, ಪ್ರತಿ ಹಾಳೆಯ ಕೆಳಗೂ ಸಹಿ. ಬೀಗದ ಕೈ ಸಿಗುತ್ತದೆಂಬ ಖುಷಿಯಲ್ಲಿ ಯಾರು ಓದಿದ್ದರು?

ಮಧ್ಯಸ್ಥರ ಹೆಸರು ವೆಂಕಟರಮಣಪ್ಪ, ನಿವೃತ್ತ ಎಂಜಿನಿಯರು. ವಿಚಾರಣೆ ನಡೆಯುತ್ತಿದ್ದದ್ದು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಬಿಲ್ಡರನ ಸ್ವಂತ ಆಫೀಸಿನಲ್ಲೇ. ಅವರು ಕೂರುವ ಕುರ್ಚಿ ಬಿಲ್ಡರನದು, ಕುಡಿಯುವ ಟೀ ಕಪ್ಪಿನ ಮೇಲೆ ಬಿಲ್ಡರನ ಮುದ್ರೆ. ಬಿಲ್ಡರನ ಮ್ಯಾನೇಜರ್ ಶ್ಯಾಮಣ್ಣನೇ ಅವರಿಗೆ ಕಡತ ಎತ್ತಿಕೊಡುವವನು. ಬೇಲಿಯೇ ಎದ್ದು ಹೊಲ ಮೇಯುವಾಗ ದನ ಯಾರಿಗೆ ದೂರು ಹೇಳೀತು ಎಂದುಕೊಂಡು ಎಲ್ಲರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂರುತ್ತಿದ್ದರು. ಚನ್ನಬಸಮ್ಮನ ಎರಡೂ ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು. ಸುಬ್ಬಲಕ್ಷ್ಮಿಯ ಗಂಡ ಕೃಷ್ಣಸ್ವಾಮಿ ಎದುರು ಸಾಲಿನ ತುದಿಯಲ್ಲಿ ಕೂತು ಅವಳ ಕಡೆ ಒಮ್ಮೆಯೂ ತಲೆ ಎತ್ತುತ್ತಿರಲಿಲ್ಲ.

ಕಳೆದ ಶುಕ್ರವಾರ ಶ್ಯಾಮಣ್ಣ ಅವಳೊಬ್ಬಳನ್ನೇ ಪಕ್ಕದ ಕೋಣೆಗೆ ಕರೆದು ಕನ್ನಡದಲ್ಲಿ ಟೈಪು ಮಾಡಿದ ಒಂದು ಹಾಳೆ ಕೈಗಿಟ್ಟ. 'ನಾನು ಕಂಬದಲ್ಲಿ ಎರಡು ಅಡಿ ಆಳದ ಗೂಡು ಕೊರೆಸಿದ್ದರಿಂದ ಕಟ್ಟಡ ಕುಸಿದಿರುತ್ತದೆ' ಎಂದು ಅದರಲ್ಲಿತ್ತು.

"ಬರೋ ಶುಕ್ರವಾರ ಹನ್ನೊಂದು ಗಂಟೆಗೆ ಇದಕ್ಕೊಂದು ಸೈನ್ ಹಾಕ್ಬಿಡಿ ಅಮ್ಮಾ. ಗೊತ್ತಿಲ್ದೆ ಆಗಿದ್ದು ಅಂತ ಸಾಹೇಬ್ರು ಬರೀತಾರೆ. ಎಲ್ಲರ ತಕರಾರೂ ಅಲ್ಲಿಗೆ ಮುಗೀತು. ಶನಿವಾರ ಉಳಿದ ಕಟ್ಟಡಾನೂ ಇಳಿಸ್ಬಿಡ್ತೀವಿ, ಆರ್ಡರ್ ಆಗಿದೆ."

"ಹಾಕದಿದ್ರ?"

"ಮೂರು ಹೆಣ ಅಮ್ಮಾ." ಶ್ಯಾಮಣ್ಣ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ಪೇಪರಲ್ಲಿ ನಿಮ್ಮ ಹೆಸರು ಬಂದಿದೆ. ಪೊಲೀಸ್ನೋರಿಗೆ ಇನ್ನೇನು ಬೇಕು? ಈ ವಯಸ್ಸಲ್ಲಿ ಜೈಲಲ್ಲಿ ಚಾಪೆ ಮೇಲೆ ಮಲ್ಗಕ್ಕಾಗತ್ತಾ? ಮಗಳದ್ದು ಬೇರೆ ಸರ್ಕಾರಿ ಕೆಲಸ."

ಆ ಹಾಳೆಯನ್ನು ಅವಳು ಮನೆಗೆ ತಂದು ದಿಂಬಿನ ಕೆಳಗೆ ಬಚ್ಚಿಟ್ಟಳು. ಬುಧವಾರ ಸಂಜೆ ಹೇಮಲತಾ ಹಾಳೆ ಓದಿ ಕೆರಳಿದಳು. "ಸೈನ್ ಹಾಕ್ಬ್ಯಾಡವ್ವಾ. ಇದು ಸುಳ್ಳು."

"ಖರೇನ ಆಗಿದ್ರ?" ಎಂದಳು ಚನ್ನಬಸಮ್ಮ. ಆಮೇಲೆ, ಮೂರು ತಿಂಗಳು ಹಲ್ಲು ಕಚ್ಚಿ ಹಿಡಿದಿದ್ದನ್ನು, ಉಳಿಯ ಸದ್ದನ್ನು, ಹೇಳಿಬಿಟ್ಟಳು.

ಹೇಮಲತಾ ಇಲ್ಲ ಎನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ತಟ್ಟೆಯಲ್ಲಿನ ಅನ್ನವನ್ನು ಬೆರಳಿಂದ ಅತ್ತಿತ್ತ ಸರಿಸುತ್ತ ಕೂತಳು. ಬಾಯಿಯಿಂದ ಬೆಂಕಿ ಕಾರುವ ಮಗಳು ಹಾಗೆ ಸುಮ್ಮನೆ ಕೂತಿದ್ದು ಶ್ಯಾಮಣ್ಣನ ಬೆದರಿಕೆಗಿಂತ ಹೆಚ್ಚು ನಡುಗಿಸಿತು. ಅವಳಿಗೂ ಅನುಮಾನ ಬಂತು, ಎಂದುಕೊಂಡಳು ಚನ್ನಬಸಮ್ಮ. ಇನ್ನು ಉಳಿದವರು ಯಾರು?

ಕುಸಿದ ದಿನದಿಂದ ಅವಳು ಆ ಬೀದಿಗೆ ಕಾಲಿಟ್ಟಿರಲಿಲ್ಲ. ಮಾರನೆಯ ದಿನವೇ ಸುತ್ತಲೂ ತಗಡು ಹೊಡೆದು ಯಾರನ್ನೂ ಬಿಡದಂತೆ ಮಾಡಿದ್ದರು. ಅದು ಬಿಲ್ಡರನಿಗೆ ಎಷ್ಟು ಬೇಕಾಗಿತ್ತೋ ಅವಳಿಗೂ ಅಷ್ಟೇ ಬೇಕಾಗಿತ್ತು. ಒಳಗೆ ಹೋಗಿ, ಗೂಡಿದ್ದ ಗೋಡೆಯೇ ಮುರಿದು ಬಿದ್ದಿದ್ದರೆ? ನೋಡದಿರುವವರೆಗೆ ಒಂದು ಎಳೆ ಉಳಿದಿರುತ್ತದೆ. ಆದರೆ ಶನಿವಾರ ಆ ಎಳೆಯನ್ನೂ ಯಂತ್ರ ತಂದು ಕೆಡವುತ್ತಾರೆ. ಆಮೇಲೆ ಸಾಯುವತನಕ ತಿಳಿಯುವುದಿಲ್ಲ. ಗುರುವಾರ ಬೆಳಿಗ್ಗೆ ಮಗಳು ಆಫೀಸಿಗೆ ಹೋದ ಮೇಲೆ ಚನ್ನಬಸಮ್ಮ ಸೆರಗು ತಲೆಗೆ ಎಳೆದುಕೊಂಡು ಹೊರಟಳು.

ತಗಡಿನ ಎದುರು ಮೋರಿ ಕಟ್ಟೆಯ ಮೇಲೆ ಕೃಷ್ಣಸ್ವಾಮಿ ಕೂತಿದ್ದರು. ದಿನಾ ಬಂದು ಕೂರುತ್ತಾರೆಂದು ಕೇಳಿದ್ದಳು. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರಾಗಿದ್ದವರು. ತಯಾರಾದ ಪ್ರತಿ ತುಣುಕನ್ನೂ ಅಳೆದು ಪಾಸು ಮಾಡುವುದೇ ಅವರ ಕೆಲಸ. ನಿವೃತ್ತಿಯಾದರೂ ಅಂಗಿಯ ಜೇಬಿನಲ್ಲಿ ಸ್ಟೀಲ್ ಸ್ಕೇಲು ಇರಲೇಬೇಕು. ಒಮ್ಮೆ ಅವಳು ಕೊಟ್ಟ ಜೋಳದ ರೊಟ್ಟಿಯನ್ನು ಅಳೆದು, "ಎಂಟೂವರೆ ಇಂಚು, ಪಾಸ್" ಎಂದಿದ್ದರು. "ಇವರು ನನ್ನನ್ನೂ ಅಳೆದೇ ಮದುವೆಯಾಗಿದ್ದು ಕಣ್ರೀ" ಎಂದು ಸುಬ್ಬಲಕ್ಷ್ಮಿ ಬಿದ್ದು ಬಿದ್ದು ನಕ್ಕಿದ್ದರು.

"ಯಾಕೆ ಬಂದ್ರಿ?" ಕೃಷ್ಣಸ್ವಾಮಿ ನೆಲ ನೋಡುತ್ತಲೇ ಕೇಳಿದರು.

"ಗೂಡು ಐತೋ ಇಲ್ಲೋ ನೋಡಾಕ ಬಂದೀನ್ರಿ."

"ಇರಲ್ಲ. ಅದರಿಂದಲೇ ಬಿದ್ದಿದ್ದು ಅಂತ ಊರಿಗೆಲ್ಲ ಗೊತ್ತು."

"ನೀವು ನೋಡೀರೇನ್ರಿ?"

ಅವರ ಕೈ ಜೇಬಿನ ಸ್ಕೇಲಿಗೆ ಹೋಯಿತು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನೀವ ಹೇಳ್ತಿದ್ರಿ. ನನ್ನ ರೊಟ್ಟಿ ಅಳದ್ರಿ, ನನ್ನ ತಪ್ಪು ಅಳೀಲಿಲ್ಲ." ಅವಳು ತಗಡಿನ ಕಡೆ ಕೈ ತೋರಿಸಿದಳು. "ಬರ್ರಿ. ನಾನ ಕೊಂದಿದ್ರ ನಿಮ್ಮ ಕಣ್ಣ ಮುಂದನ ತಿಳೀಲಿ. ಒಬ್ಬಾಕಿ ಹೋಗಾಕ ನನಗ ಅಂಜಿಕಿ."

ಕೃಷ್ಣಸ್ವಾಮಿ ಮೊಣಕಾಲು ಹಿಡಿದುಕೊಂಡು ಎದ್ದರು.

ತಗಡಿನ ಬಾಗಿಲು ಬಡಿದಾಗ ತೆರೆದವನನ್ನು ನೋಡಿ ಚನ್ನಬಸಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಖಾಕಿ ಅಂಗಿ ತೊಟ್ಟು ನಿಂತಿದ್ದವನು ಭರಮಪ್ಪ. ಅವಳು ಗಾರೆಯವರ ಶೆಡ್ಡುಗಳಲ್ಲೆಲ್ಲ ಹುಡುಕಿಸಿದ್ದ, ಊರಿಗೆ ಓಡಿಹೋದ ಎಂದು ಎಲ್ಲರೂ ಹೇಳಿದ್ದ ಅದೇ ಭರಮಪ್ಪ.

"ಯಪ್ಪಾ, ನೀ ಇಲ್ಲಿ?"

"ಅವರ ಇಟ್ಕೊಂಡಾರ್ರಿ ಯವ್ವಾ. ಬಾಯಿ ಬಿಟ್ರ ಉಳಿ ಹಿಡದವ ನೀನ, ಮೊದಲ ನೀ ಒಳಗ ಹೋಗ್ತಿ ಅಂದ್ರು." ಅವನು ಬೀದಿಯ ಎರಡೂ ತುದಿ ನೋಡಿದ. "ನನಗ ಹೇಳಾಕ ಬರಂಗಿಲ್ಲ. ಒಳಗ ಬಿಡಾಕ ಬರತೈತಿ. ಲಗೂನ ನೋಡಿ ಬರ್ರಿ. ಕೆಮ್ಮಬ್ಯಾಡ್ರಿ, ಮ್ಯಾಲಿಂದ ಉದುರತೈತಿ."

ಒಳಗೆ ಸುಣ್ಣದ ಧೂಳು ಮೂಗಿಗೆ ಅಡರಿತು. ಮೇಲೆಲ್ಲೋ ಸರ್ರನೆ ಮರಳು ಜಾರಿತು, ನಿಂತಿತು, ಮತ್ತೆ ಜಾರಿತು. ಪ್ರತಿ ಹೆಜ್ಜೆಗೂ ನೆಲ ಒಳಗೆ ಎಳೆದುಕೊಳ್ಳುತ್ತದೆ ಎನಿಸಿ ಚನ್ನಬಸಮ್ಮ ಕೃಷ್ಣಸ್ವಾಮಿಯವರ ಅಂಗಿಯ ತುದಿ ಹಿಡಿದುಕೊಂಡಳು. ಹಾಲಿನ ಬಾಗಿಲಿಗೆ ಬಂದಾಗ ಕಣ್ಣು ಮುಚ್ಚಿಬಿಟ್ಟಳು.

"ನೀವ ನೋಡಿ ಹೇಳ್ರಿ."

ಉತ್ತರ ಬರಲಿಲ್ಲ. ಹಾಗಾದರೆ ಮುಗಿಯಿತು. ಗೋಡೆ ಇಲ್ಲ. ಸುಬ್ಬಲಕ್ಷ್ಮಿಯನ್ನು ಕೊಂದವಳು ನಾನೇ.

"ಚನ್ನಬಸಮ್ಮನವರೇ." ಕೃಷ್ಣಸ್ವಾಮಿಯವರ ದನಿ ವಿಚಿತ್ರವಾಗಿತ್ತು. "ಕಣ್ಣು ಬಿಡಿ."

ಗೋಡೆ ನಿಂತಿತ್ತು. ಗೂಡು ಇತ್ತು. ಗೂಡಿನಲ್ಲಿ ಹಿತ್ತಾಳೆ ದೀಪ, ಒಣಗಿ ಕಪ್ಪಾದ ಬತ್ತಿಯ ಸಮೇತ, ಅವಳು ಇಟ್ಟಲ್ಲೇ ಇತ್ತು. ಗೂಡಿನಿಂದ ಒಂದು ಗೇಣು ಆಚೆ ಕಂಬ ನೂಲು ಹಿಡಿದಂತೆ ನೇರವಾಗಿ ನಿಂತಿತ್ತು. ಸುಣ್ಣದ ಕೆಳಗೆ ಭರಮಪ್ಪ ಸಿಮೆಂಟು ಮೆತ್ತಿದ ಗುರುತು, ಮಗುವಿನ ಹಣೆಯ ಮೇಲಿನ ಹಳೆಯ ಗಾಯದಷ್ಟು.

ಕೃಷ್ಣಸ್ವಾಮಿ ಜೇಬಿನಿಂದ ಸ್ಕೇಲು ತೆಗೆದರು. ದೀಪ ಸರಿಸಿ, ಸ್ಕೇಲನ್ನು ಗೂಡಿನೊಳಗೆ ನೇರವಾಗಿ ಹಿಡಿದು, ಕಣ್ಣು ಕಿರಿದು ಮಾಡಿ ಓದಿದರು. "ನಾಲ್ಕು ಇಂಚು." ಬಾಗಿಲ ಹತ್ತಿರ ಹೋಗಿ ಗೋಡೆಯ ದಪ್ಪ ಅಳೆದರು. "ಒಂಬತ್ತು ಇಂಚು." ಮತ್ತೆ ಗೂಡಿನ ಕಡೆ ತಿರುಗಿದರು. "ಒಂಬತ್ತು ಇಂಚಿನ ಗೋಡೇಲಿ ಎರಡು ಅಡಿ ಆಳದ ಗೂಡು ಹೇಗ್ರೀ ಕೊರೀತಾರೆ? ಆ ಕಡೆಯಿಂದ ಆಚೆ ಬಂದುಬಿಡ್ತಿರಲಿಲ್ವೇ? ಮೂರು ತಿಂಗಳಿಂದ ಓದ್ತಿದೀನಿ. ಈ ಒಂದು ಲೆಕ್ಕ ಹಾಕಲಿಲ್ಲ ನಾನು." ನಕ್ಕರು. ನಗು ಅರ್ಧದಲ್ಲೇ ಒಡೆದು ಅಳುವಾಯಿತು.

ಚನ್ನಬಸಮ್ಮ ಅವರನ್ನು ಅಳಲು ಬಿಟ್ಟು ಅಡುಗೆಮನೆಯಿದ್ದ ಕಡೆ ನೋಡಿದಳು. ಬಾಗಿಲಿನಾಚೆ ನೆಲವೇ ಇರಲಿಲ್ಲ. ಕೆಳಗೆ, ತಗಡು ಹೊಡೆದ ಮೇಲೆ ಅವಶೇಷ ಎತ್ತಿದ ಜಾಗದಲ್ಲಿ, ಮುರಿದ ಕಂಬಗಳ ನಡುವೆ, ಕಡಿದ ಕಲ್ಲುಗಳನ್ನು ದುಂಡಗೆ ಜೋಡಿಸಿ ಕಟ್ಟಿದ ಒಂದು ಬಾಯಿ ತೆರೆದುಕೊಂಡಿತ್ತು. ಅದರೊಳಗೆ ಹಸಿರು ನೀರು, ಅಲುಗದೆ.

"ಹಳೇ ಬಾವಿರಿ" ಎಂದ ಹಿಂದೆ ಬಂದು ನಿಂತಿದ್ದ ಭರಮಪ್ಪ, ಬಹಳ ಮೆಲ್ಲಗೆ. "ಮಣ್ಣು ತುಂಬಿ ಅದರ ಮ್ಯಾಲ ಕಂಬ ನಿಲ್ಲಿಸ್ಯಾರ. ಮಳಿಗೆ ಮಣ್ಣು ಕುಂತೈತಿ. ಶನಿವಾರ ಎಲ್ಲಾ ಕೆಡವಿ ಇದರ ಮ್ಯಾಲ ಹಾಕ್ತಾರ. ಆಮ್ಯಾಲ ಬಾವಿನೂ ಇಲ್ಲ, ಗೂಡೂ ಇಲ್ಲ."

ಶುಕ್ರವಾರ ಹನ್ನೊಂದಕ್ಕೆ ಚನ್ನಬಸಮ್ಮ ಮಧ್ಯಸ್ಥರ ಮುಂದೆ ನಿಂತಳು. ಈ ಸಲ ಅವಳ ಒಂದು ಪಕ್ಕದ ಕುರ್ಚಿಯಲ್ಲಿ ರಜೆ ಹಾಕಿ ಬಂದ ಹೇಮಲತಾ, ಇನ್ನೊಂದರಲ್ಲಿ ಕೃಷ್ಣಸ್ವಾಮಿ. ಶ್ಯಾಮಣ್ಣ ಅದೇ ಬರಹದ ಇನ್ನೊಂದು ಹಾಳೆ, ಪೆನ್ನು ಎರಡನ್ನೂ ಮುಂದಿಟ್ಟ.

"ಹಾಕಂಗಿಲ್ರಿ" ಎಂದಳು. ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. ಇನ್ನೊಮ್ಮೆ ಹೇಳಿದಳು.

ಕೃಷ್ಣಸ್ವಾಮಿ ಎದ್ದು ತಾವು ಅಳೆದು ಬರೆದ ಚೀಟಿ ಮುಂದೆ ಹಿಡಿದರು. ವೆಂಕಟರಮಣಪ್ಪ ಅದನ್ನು ಮುಟ್ಟಲಿಲ್ಲ. "ಸೈಟ್ ಇನ್‌ಸ್ಪೆಕ್ಷನ್ ಆಗಿಹೋಗಿದೆ. ಈಗ ಹೊಸದಾಗಿ ಯಾವುದನ್ನೂ ತಗೊಳ್ಳೋ ಹಾಗಿಲ್ಲ."

"ಯಾರು ನೋಡ್ಯಾರ್ರಿ, ನೀವೇನ್ರಿ?" ಎಂದಳು ಚನ್ನಬಸಮ್ಮ. "ನೋಡಿದ್ರ ಹೇಳ್ರಿ ಸಾಹೇಬ್ರ, ನನ್ನ ಅಡಗಿಮನಿ ಇದ್ದ ಜಾಗದಾಗ ಈಗ ಏನೈತಿ?"

ವೆಂಕಟರಮಣಪ್ಪ ಶ್ಯಾಮಣ್ಣನ ಮುಖ ನೋಡಿದರು. ಶ್ಯಾಮಣ್ಣ ಕಿಟಕಿಯ ಕಡೆ ನೋಡಿದ.

"ಬಾವಿ ಐತ್ರಿ" ಎಂದಳು ಅವಳು.

ಸಾಲಿನಲ್ಲಿ ಕೂತವರೆಲ್ಲ ಒಮ್ಮೆಲೇ ಮಾತಾಡತೊಡಗಿದರು. ಮಧ್ಯಸ್ಥರು ಮೇಜು ತಟ್ಟಿದರು, 'ಸಹಿ ಹಾಕಲು ನಿರಾಕರಿಸಿದರು' ಎಂದಷ್ಟೇ ಬರೆದುಕೊಂಡು, ತೀರ್ಪು ಅಂಚೆಯಲ್ಲಿ ಬರುತ್ತದೆ ಎಂದು ಎದ್ದರು. ಆ ಗದ್ದಲದಲ್ಲೂ ಪಕ್ಕದ ಕೋಣೆಯಲ್ಲಿ ಶ್ಯಾಮಣ್ಣ ಫೋನಿನಲ್ಲಿ ಹೇಳಿದ್ದು ಹೇಮಲತಾಳ ಕಿವಿಗೆ ಬಿತ್ತು. ಬೆಳಗಿಂದ ಸಂಜೆವರೆಗೂ ಫೋನಿನ ಮಾತು ಕೇಳುವ ಕಿವಿ ಅದು. "ನಾಳೆ ಅಲ್ಲ ಗುರು. ಈಗ್ಲೇ ಕಳ್ಸು ಗಾಡೀನ. ಈಗ್ಲೇ ಅಂದ್ರೆ ಈಗ್ಲೇ."

"ಅವ್ವಾ, ಇವತ್ತ ಕೆಡವ್ತಾರ! ನಾ ಬೊಮ್ಮನಹಳ್ಳಿಗೆ ಹೋಗಿ ಸ್ಟುಡಿಯೋದವರನ್ನ ಕ್ಯಾಮರಾ ಸಮೇತ ಎಳ್ಕೊಂಡು ಬರ್ತೀನಿ. ಫೋಟೋ ಒಂದು ಇದ್ರ ಯಾವ ಕೋರ್ಟಿಗಾದ್ರೂ ಹೋಗಬಹುದು. ಅಲ್ಲೀತನಾ ಹೆಂಗಾದ್ರೂ ತಡೀರಿ" ಎಂದು ಹೇಮಲತಾ ಓಡಿದಳು.

ಹೆಂಗಾದ್ರೂ ಎಂದರೆ ಹೇಗೆ? ಕೃಷ್ಣಸ್ವಾಮಿಯವರ ಜೊತೆ ಆಟೋದಲ್ಲಿ ಹೊಸೂರು ರಸ್ತೆಯುದ್ದಕ್ಕೂ ಚನ್ನಬಸಮ್ಮ ಅದನ್ನೇ ಯೋಚಿಸಿದಳು. ಅರವತ್ತು ದಾಟಿದ ಇಬ್ಬರು, ಎದುರಿಗೆ ಕಬ್ಬಿಣದ ಯಂತ್ರ. ತಗಡಿನ ಬಾಗಿಲಿಗೆ ಬಂದಾಗ ಬೀದಿಯ ಆ ತುದಿಯಲ್ಲಿ ಹಳದಿ ಯಂತ್ರ ಗುಡುಗುತ್ತ ತಿರುಗುತ್ತಿತ್ತು.

"ಭರಮಪ್ಪಾ, ಎಣ್ಣಿ ಐತೇನೋ?"

"ತಲಿಗೆ ಹಚ್ಚೋ ಕೊಬ್ರಿ ಎಣ್ಣಿ ಐತ್ರಿ."

"ಕೊಡು. ಕಡ್ಡಿಪೆಟ್ಟಿಗೀನೂ ಕೊಡು."

ಒಳಗೆ ಹೋಗಿ ಸೆರಗಿನ ಅಂಚು ಹರಿದು ಬತ್ತಿ ಹೊಸೆದಳು. ಮೂರನೆಯ ಕಡ್ಡಿಗೆ ದೀಪ ಹತ್ತಿತು. ಯಂತ್ರದ ಅದುರಿಗೆ ಮೇಲಿಂದ ಸಿಮೆಂಟಿನ ಚೂರುಗಳು ಹೆಗಲ ಮೇಲೆ ಉದುರುತ್ತಿದ್ದವು. ಗೂಡಿನ ಕೆಳಗೆ ನೆಲದ ಮೇಲೆ ಕೂತು ಗೋಡೆಗೆ ಬೆನ್ನು ಕೊಟ್ಟಳು. ಕೃಷ್ಣಸ್ವಾಮಿ ಬಂದು ಪಕ್ಕದಲ್ಲಿ ಕೂತರು.

ಹೊರಗೆ ಯಂತ್ರ ತಗಡನ್ನು ತಳ್ಳಿಕೊಂಡು ಬಂದು ಬಾಗಿಲಿನ ಎದುರು ನಿಂತಿತು. ಅದರ ಕೈ ಮೇಲೆದ್ದಿತು. ಎದ್ದದ್ದು ಅಲ್ಲೇ ಉಳಿಯಿತು. ಸದ್ದು ನಿಂತಿತು.

"ಸಾರ್, ಒಳಗೆ ಯಾರೋ ಅವ್ರೆ. ದೀಪ ಉರೀತೈತೆ" ಎಂದು ಯಂತ್ರ ನಡೆಸುವವನು ಕೂಗಿದ.

"ಅದಕ್ಕೇನೀಗ?" ಹಿಂದೆಯೇ ಕಾರಿನಲ್ಲಿ ಬಂದಿದ್ದ ಶ್ಯಾಮಣ್ಣನ ದನಿ. "ಆರ್ಸಿ ಎಬ್ಬಿಸ್ಕೊಂಡ್ ಬಾ."

"ನಾನಾ? ಹತ್ತಿಸಿರೋ ದೀಪ ಆರ್ಸಕ್ಕೆ ನಮ್ಮವ್ವ ನನ್ನ ಹೆತ್ತಿಲ್ಲ ಸಾರ್. ನೀವೇ ಆರ್ಸಿ. ಆಮೇಲೆ ನಾನು ಕೆಡವ್ತೀನಿ."

ಬೀದಿಯವರು ಒಬ್ಬೊಬ್ಬರಾಗಿ ಹೊರಬಂದು ನಿಂತಿದ್ದರು. ನಲ್ಲಿಯ ಹತ್ತಿರ ಕೊಡ ಸರಿಸಿಕೊಂಡವರೂ ಇದ್ದರು. ಶ್ಯಾಮಣ್ಣ ಅವರೆಲ್ಲರ ಮುಖ ನೋಡಿದ, ಹೊಸ್ತಿಲ ತನಕ ಬಂದ, ದೀಪ ನೋಡಿದ. ಭರಮಪ್ಪನ ಕಡೆ ತಿರುಗಿದ. ಭರಮಪ್ಪ ಖಾಕಿ ಅಂಗಿಯ ಗುಂಡಿ ಬಿಚ್ಚತೊಡಗಿದ್ದ.

"ಅದೆಷ್ಟೊತ್ತು ಉರಿಯತ್ತೆ? ಆರೋವರೆಗೂ ಕಾಯ್ತೀವಿ" ಎಂದು ಶ್ಯಾಮಣ್ಣ ಹಿಂದೆ ಸರಿದು ಸಿಗರೇಟು ಹಚ್ಚಿದ.

ಶೀಶೆ ಬರಿದಾಗಿತ್ತು. ಚನ್ನಬಸಮ್ಮ ತಲೆ ಎತ್ತಿ ಜ್ವಾಲೆಯನ್ನೇ ನೋಡುತ್ತ ಕೂತಳು. ಮೇಲೆ ಮರಳು ಜಾರುತ್ತಲೇ ಇತ್ತು. ಒಂದು ಸಲ ಕುಡಿ ಸಣ್ಣಗಾಗಿ ನೀಲಿ ತಿರುಗಿತು.

"ಎಷ್ಟು ಉಳದೈತ್ರಿ?"

ಕೃಷ್ಣಸ್ವಾಮಿ ಎದ್ದು, ಸ್ಕೇಲಿನ ತುದಿಯನ್ನು ಜ್ವಾಲೆಗೆ ತಾಗದಂತೆ ಎಣ್ಣೆಯಲ್ಲಿ ಅದ್ದಿ, ಬೆಳಕಿಗೆ ಹಿಡಿದು ಓದಿದರು.

"ಕಾಲು ಇಂಚು. ಕೂತ್ಕೊಳ್ಳಿ, ಬರ್ತಾಳೆ."

ಎಣ್ಣೆ ಸ್ಕೇಲಿಗೆ ಸಿಗದಷ್ಟು ಇಳಿದಾಗ ಹೊರಗೆ ಆಟೋ ಒಂದು ಕಿರ್ರನೆ ನಿಂತ ಸದ್ದು ಕೇಳಿತು. ಜನರನ್ನು ಸರಿಸಿಕೊಂಡು ಬರುವ ಕಾಲಿನ ಸಪ್ಪಳ, "ಅವ್ವಾ, ಎಲ್ಲಿದೀ?" ಎಂಬ ಕೂಗು.

ಚನ್ನಬಸಮ್ಮ ಎದ್ದಳು, ಆದರೆ ಹೊರಗೆ ಹೋಗಲಿಲ್ಲ. ದೀಪಕ್ಕೆ ಗಾಳಿ ತಾಗದಂತೆ ಎರಡೂ ಅಂಗೈ ಅಡ್ಡ ಹಿಡಿದು, ನಿಂತಲ್ಲಿಂದಲೇ ಹೇಳಿದಳು: "ಮೊದಲ ಬಾವೀ ಫೋಟೋ ತಗೀರಿ. ಗೂಡು ನಾ ಕಾಯ್ತೀನಿ."